ಗಂಟೆಗೆ ಎಂಟು ಕಿಲೋಮೀಟರು

“ನೀರು ಹಾಕಿದ್ದೀಯ. ಒಪ್ಕೊಂಬಿಡು, ಇಬ್ರಿಗೂ ಟೈಮ್ ಉಳಿಯುತ್ತೆ.”

ಡಾರ್ಸಿ ಇದನ್ನು ಹೇಳಿದ್ದು ಗಾರ್ನೆಟ್ ಭಾವನ ಮುಖ ನೋಡಿ ಅಲ್ಲ, ಎದುರಿಗಿದ್ದ ಕಂಪ್ಯೂಟರ್ ನೋಡಿಕೊಂಡು. ಪಟ್ಟಣದ ಲಾರಿ ರಿಪೇರಿ ಕೇಂದ್ರದ ಮ್ಯಾನೇಜರ್ ಅವನು. ವಯಸ್ಸಿನಲ್ಲಿ ಭಾವನ ಹಿರಿಮಗನಷ್ಟಿದ್ದ. ಭಾವ ತಲೆಯ ಮೇಲಿನ ಉಣ್ಣೆಟೋಪಿ ತೆಗೆದು ಎರಡೂ ಕೈಯಲ್ಲಿ ಹಿಡಿದುಕೊಂಡು ಕೌಂಟರಿನ ಈಚೆ ನಿಂತಿದ್ದ.

“ನೀರು ಆಕಿಲ್ಲ ಸಾರ್. ಯೂರಿಯಾ ಡಬ್ಬ ನಿಮ್ ಅಂಗ್ಡಿಯಿಂದ್ಲೇ ತಗಂಡೋಗಿದ್ದು. ಸೀಲ್ ಒಡ್ದು ಉಯ್ದೋನು ನಾನೇಯ.”

“ನಿಮ್ ರಿಸರ್ವ್ ಕಡೆಯಿಂದ ಬರೋ ಗಾಡಿಗಳದ್ದೆಲ್ಲಾ ಇದೇ ಹಣೆಬರಹ. ಯೂರಿಯಾ ಟ್ಯಾಂಕಿಗೆ ನೀರು ಬೆರೆಸೋದು, ಪಂಪ್ ಕೆಟ್ಮೇಲೆ ವಾರಂಟಿ ಅಂತ ಇಲ್ಲಿ ಬಂದು ನಿಂತ್ಕೊಳೋದು.”

“ನಮ್ತಾವ ಕುಡಿಯಾಕೇ ನೀರಿಲ್ಲ,” ಎಂದೆ ನಾನು. “ಲಾರಿಗೆ ಎಲ್ಲಿಂದ ತಂದು ಉಯ್ಯಾನ?”

ಡಾರ್ಸಿ ಆಗ ತಲೆ ಎತ್ತಿದ. “ಇವಳ್ಯಾರು?”

“ನಮ್ ನಾದ್ನಿ, ಐಡಾ ಅಂತ. ಲಾರೀಲಿ ಪೈಪು ಇಡಿಯೋಳು.”

“ಪೈಪ್ ಹಿಡ್ಕೊಂಡೇ ಇರೋಕೆ ಹೇಳು. ಮಾತಾಡೋದು ಬೇಡ.”

ಹಿಂದೆ ಕಾಫಿ ಹೀರುತ್ತ ಕೂತಿದ್ದ ಇಬ್ಬರು ಬಿಳಿ ಡ್ರೈವರುಗಳು ಕಿಸಕ್ಕನೆ ನಕ್ಕರು. ಭಾವನ ಕೈಯಲ್ಲಿದ್ದ ಟೋಪಿ ಹಿಂಡಿದ ಬಟ್ಟೆಯಂತಾಗಿತ್ತು.

ನಮ್ಮದು ನೀರಿನ ಲಾರಿ. ಊರು ರಿಸರ್ವ್, ಅಂದರೆ ಈ ನೆಲದ ಮೂಲನಿವಾಸಿಗಳಾದ ನಮಗೆಂದು ಸರ್ಕಾರ ಗೆರೆ ಎಳೆದು ಬಿಟ್ಟ ಜಾಗ. ನಮ್ಮ ರಿಸರ್ವ್‌ನ ಮನೆಗಳಲ್ಲಿ ನಲ್ಲಿಗಳಿವೆ, ಆದರೆ ಅವುಗಳಿಗೆ ನೀರು ಬರುವುದು ಮನೆಯ ಪಕ್ಕ ಹೂತಿಟ್ಟ ತೊಟ್ಟಿಯಿಂದ. ಪಟ್ಟಣದ ನೀರಿನ ಮನೆಯಲ್ಲಿ ಲಾರಿ ತುಂಬಿಸಿಕೊಂಡು ಬಂದು ಆ ತೊಟ್ಟಿಗಳಿಗೆ ಸುರಿಯುವುದು ಭಾವನ ಕೆಲಸ. ಹಿಂದಿನಿಂದ ಪೈಪು ಎಳೆದುಕೊಂಡು ಹೋಗಿ ತೊಟ್ಟಿಯ ಬಾಯಿಗೆ ಸಿಕ್ಕಿಸುವುದು ನನ್ನ ಕೆಲಸ. ಕೆರೆ ಮನೆಬಾಗಿಲಲ್ಲೇ ಇದೆ, ಆಚೆ ದಡ ಕಾಣದಷ್ಟು ದೊಡ್ಡದು. ಮೇಲಿನ ಗಣಿಯವರು ತಮ್ಮ ಕೊಳಕನ್ನು ಅದಕ್ಕೆ ಬಿಟ್ಟ ಮೇಲೆ, ಈ ನೀರನ್ನು ಕುದಿಸಿಯೂ ಕುಡಿಯಬಾರದು ಎಂದು ಸರ್ಕಾರ ಒಂದು ಬೋರ್ಡು ನೆಟ್ಟುಹೋಯಿತು. ಈಗ ಆ ಬೋರ್ಡಿಗೂ ತುಕ್ಕು ಹಿಡಿದಿದೆ.

ಲಾರಿಯ ರೋಗ ಶುರುವಾದದ್ದು ಜನವರಿಯ ಚಳಿ ಹೊಡೆದಾಗ. ಹೊಸ ಲಾರಿಗಳಲ್ಲಿ ಡೀಸೆಲ್ ಹೊಗೆಯನ್ನು ಹಾಗೇ ಆಕಾಶಕ್ಕೆ ಬಿಡುವಂತಿಲ್ಲ. ಅದರ ಮೇಲೆ ಯೂರಿಯಾ ದ್ರವ ಸಿಂಪಡಿಸಿ, ವಿಷ ತೆಗೆದು ಬಿಡಬೇಕು. ಆ ದ್ರವಕ್ಕೆ ಬೇರೆಯೇ ಟ್ಯಾಂಕು, ಪಂಪು, ಫಿಲ್ಟರು, ಕೊಳವೆ. ಕೊಳವೆಯಲ್ಲಿ ಒತ್ತಡ ಕುಸಿದರೆ ಲಾರಿಯ ಕಂಪ್ಯೂಟರಿಗೆ ಗೊತ್ತಾಗಿಬಿಡುತ್ತದೆ. ಮೊದಲು ಹಳದಿ ದೀಪ, ಆಮೇಲೆ ಕೆಂಪು. ಅದಕ್ಕೂ ಬಗ್ಗದಿದ್ದರೆ ಎಂಜಿನ್ ತನ್ನ ಕತ್ತು ತಾನೇ ಹಿಸುಕಿಕೊಳ್ಳುತ್ತದೆ. ಗಂಟೆಗೆ ಎಂಟು ಕಿಲೋಮೀಟರು. ನೀವು ಪೆಡಲಿನ ಮೇಲೆ ಎದ್ದು ನಿಂತರೂ ಅಷ್ಟೇ. ಕಾನೂನು ಹಾಗೆ.

“ನಮ್ ಒಗೆ ಮಡಿಯಾಗಿರ್ಬೇಕಂತೆ ಕಣೆ ಐಡಾ,” ಎಂದಿದ್ದ ಭಾವ, ಮೊದಲ ಸಲ ಕೆಂಪು ದೀಪ ಹತ್ತಿದಾಗ. “ನೀರು ಎಂಗಿದ್ರೂ ನಡೀತದಂತೆ.”

ರಿಪೇರಿ ಶೆಡ್ಡಿನಲ್ಲಿ ನಮ್ಮ ಲಾರಿ ನೋಡಿದವನು ನೆಸ್ಟರ್. ಫಿಲಿಪ್ಪೀನ್ಸಿನವನು, ಗಿಡ್ಡ, ಕಿವಿಯ ಮೇಲೆ ನರೆಗೂದಲು. ಅವನು ಈ ದೇಶದಲ್ಲಿ ಇರುವುದು ಬಿಡುವುದು ಡಾರ್ಸಿಯ ಒಂದು ಸಹಿಯ ಮೇಲಿತ್ತು. ಅದು ಪಟ್ಟಣಕ್ಕೆಲ್ಲ ಗೊತ್ತಿತ್ತು. ಅವನು ನಮ್ಮ ಟ್ಯಾಂಕಿನಿಂದ ಎರಡು ಹನಿ ಯೂರಿಯಾ ಎತ್ತಿ, ಬೆರಳುದ್ದದ ದುರ್ಬೀನಿನಂಥದ್ದರ ಗಾಜಿನ ಮೇಲೆ ಬಿಟ್ಟು, ಬೆಳಕಿಗೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡಿದ.

“ನೀರು ಬೆರೆತಿಲ್ಲ. ಹದ ಸರಿಯಾಗಿದೆ,” ಎಂದ.

“ಸರಿಯಾಗಿದ್ರೆ ಒತ್ತಡ ಯಾಕಿಲ್ಲ? ಇನ್ನೇನೋ ಸುರಿದಿದಾರೆ. ಫಿಲ್ಟರ್ ಬಿಚ್ಚು,” ಎಂದು ಡಾರ್ಸಿ ಹೋದ.

ನಮಗೆ ಕಾಯಲು ಹೇಳಿದರು. ಗಿರಾಕಿಗಳ ಕೋಣೆಯಲ್ಲಿ ಟೀವಿ ಇತ್ತು, ಮೆತ್ತನೆಯ ಕುರ್ಚಿಗಳಿದ್ದವು, ಮೂಲೆಯಲ್ಲಿ ದೊಡ್ಡ ನೀರಿನ ಕ್ಯಾನು ಬೋರಲು ಕೂರಿಸಿದ ಯಂತ್ರವಿತ್ತು. ನಾನು ಒಂದು ಕಾಗದದ ಲೋಟ ಕುಡಿದೆ. ಇನ್ನೊಂದು ಕುಡಿದೆ. ಆಮೇಲೆ ನಮ್ಮ ಚಹಾದ ಫ್ಲಾಸ್ಕನ್ನು ಅದರ ಕೆಳಗೆ ಹಿಡಿದೆ. ದಾರಿಗೆ ಬೇಕಾಗುತ್ತದೆ, ಅಷ್ಟೇ. ಕೌಂಟರಿನ ಹುಡುಗಿ ಎದ್ದು ಬಂದಳು.

“ಅದು ಕುಡಿಯೋಕೆ ಇಟ್ಟಿರೋದು.”

“ಕುಡಿಯಾಕೇ ಕಣವ್ವ.”

“ಇಲ್ಲಿ ಕುಡಿಯೋಕೆ. ತುಂಬಿಸ್ಕೊಂಡು ಹೋಗೋಕಲ್ಲ. ನಿಮ್ಮೋರು ಒಬ್ರು ಶುರು ಮಾಡಿದ್ರೆ ಆಮೇಲೆ ಎಲ್ಲರೂ ಕ್ಯಾನ್ ತಗೊಂಡು ಬರ್ತಾರೆ.”

ಅವಳು ಸಿಟ್ಟು ಮಾಡಲಿಲ್ಲ. ನಗುತ್ತಲೇ ನನ್ನ ಕೈಯಿಂದ ಫ್ಲಾಸ್ಕು ತಗೊಂಡಳು. ಪಕ್ಕದ ಸಿಂಕಿಗೆ ಬಗ್ಗಿಸಿದಳು. ನೀರು ಗುಳುಗುಳು ಎಂದು ಹೋಯಿತು. ಮುಚ್ಚಳ ತಿರುಗಿಸಿ ನನಗೆ ವಾಪಸು ಕೊಟ್ಟಳು. ಭಾವ ಟೀವಿಯಲ್ಲಿ ಯಾರೋ ಕೇಕು ಮಾಡುವುದನ್ನು ಕಣ್ಣು ಮಿಟುಕಿಸದೆ ನೋಡುತ್ತಿದ್ದ.

ನೆಸ್ಟರ್ ಹೊಸ ಫಿಲ್ಟರ್ ಹಾಕಿದ. ಶೆಡ್ಡಿನೊಳಗೆ, ಬೆಚ್ಚಗೆ, ಎಂಜಿನ್ ಸುಮಾರು ಹೊತ್ತು ಓಡಿತು. ಒತ್ತಡ ಇರಬೇಕಾದ ಗೆರೆ ಬಿಟ್ಟು ಕದಲಲಿಲ್ಲ. “ಎಲ್ಲಾ ಸರಿ ಇದೆ, ತಗೊಂಡು ಹೋಗಿ,” ಎಂದರು. ನಾವು ನೀರು ತುಂಬಿಕೊಂಡು ಹೊರಟೆವು. ಹೊರಗೆ ಮೈನಸ್ ಮೂವತ್ತು ಡಿಗ್ರಿ. ಪಟ್ಟಣ ದಾಟಿ, ಹೊಳೆಯ ಸೇತುವೆ ದಾಟುವಷ್ಟರಲ್ಲಿ ಹಳದಿ ದೀಪ.

“ಬಂದ್ಲು ನೋಡು ಮಾರಿ,” ಎಂದ ಭಾವ.

ಅವತ್ತು ಹೇಗೋ ಊರು ಮುಟ್ಟಿದೆವು. ಮಾರನೆಯ ಬೆಳಿಗ್ಗೆ ಲಾರಿ ಎಂಟಕ್ಕಿಂತ ಮೇಲೆ ಹೋಗಲಿಲ್ಲ. ನಲವತ್ತು ಕಿಲೋಮೀಟರು ತೆವಳಿಕೊಂಡು ಮತ್ತೆ ಡಾರ್ಸಿಯ ಬಾಗಿಲಿಗೆ ಬಂದೆವು. ಬೆಚ್ಚಗಿನ ಶೆಡ್ಡಿಗೆ ಎಳೆದುಕೊಂಡರು. ಮಂಜು ಕರಗಿ ನೆಲವೆಲ್ಲ ಒದ್ದೆಯಾಯಿತು. ಕಂಪ್ಯೂಟರ್ ಸಿಕ್ಕಿಸಿ ದೀಪ ಆರಿಸಿದರು, ಪರೀಕ್ಷೆ ಮಾಡಿದರು. ಒತ್ತಡ ಮತ್ತೆ ಗೆರೆಯ ಮೇಲೆ.

“ಏನೂ ತೊಂದರೆ ಇಲ್ವಲ್ಲ?” ಎಂದ ಡಾರ್ಸಿ. “ಗಾಡಿ ಚೆನ್ನಾಗೇ ಇದೆ. ಓಡಿಸೋನಿಗೆ ಕೆಲಸಕ್ಕೆ ಹೋಗೋಕೆ ಬೇಜಾರು.”

“ವೊರಗ್ಬಂದ್ರೆ ಕೆಡ್ತದೆ ಸಾರ್. ವೊರಗೇ ನೋಡ್ಬೇಕು.”

“ಈ ಚಳೀಲಿ ಹೊರಗೆ ನಿಂತ್ಕೊಂಡು ನೋಡೋನು ಯಾವನು, ನಿಮ್ಮಪ್ಪನಾ?”

“ನಾವು ವೊರಗೇ ಅಲ್ವಾ ಸಾರ್ ಇರಾದು,” ಎಂದ ಭಾವ. ಲಾರಿಯ ಹೊಟ್ಟೆಯೊಳಗೆ ಏನಾಗಿದೆ ಎಂದು ಅವನಿಗೂ ಗೊತ್ತಿರಲಿಲ್ಲ. ಒಳಗೆ ಇದ್ದರೆ ಬದುಕುತ್ತದೆ, ಹೊರಗೆ ಬಂದರೆ ಸಾಯುತ್ತದೆ, ಅಷ್ಟೇ ಗೊತ್ತಿದ್ದದ್ದು.

ಮೂರನೆಯ ಸಲ ಲಾರಿಯನ್ನು ಅಲ್ಲೇ ಬಿಟ್ಟು ಹೋಗಿ ಎಂದರು. ಸರದಿ ಬಂದಾಗ ನೋಡುತ್ತಾರಂತೆ. ನಾವು ಯಾರದೋ ಪಿಕಪ್ಪಿನ ಹಿಂಬದಿಯಲ್ಲಿ ಕೂತು ಊರಿಗೆ ಬಂದೆವು.

ಲಾರಿ ಇಲ್ಲದ ಮೇಲೆ ನನ್ನನ್ನು ಬ್ಯಾಂಡ್ ಆಫೀಸಿನಲ್ಲಿ, ಅಂದರೆ ನಮ್ಮ ಪಂಚಾಯ್ತಿ ಕಚೇರಿಯಲ್ಲಿ, ಫೋನಿನ ಮುಂದೆ ಕೂರಿಸಿದರು. ಬೆಳಗಾದರೆ ಫೋನು.

“ಐಡಾ, ನೀರು ಯಾವಾಗ್ಬತ್ತದೆ?”

“ಗೊತ್ತಿಲ್ಲ ಕಣಕ್ಕ.”

“ಮಗೀಗೆ ಕುಂಡಿ ತೊಳ್ದು ಎಲ್ಡು ದಿವ್ಸ ಆಯ್ತು ಕಣೆ.”

“ಬಟ್ಟೇಲಿ ವರ್ಸು.”

“ಬಟ್ಟೆ ವಗೆಯೋದು ಯಾತ್ರಲ್ಲಿ, ನಿನ್ ಕಣ್ಣೀರಲ್ಲಾ?”

ಬೈದು ಇಡುತ್ತಿದ್ದರು. ಇಟ್ಟ ತಕ್ಷಣ ಇನ್ನೊಂದು. ನಡುವೆ ನಾನು ನಮ್ಮಂಥ ಊರುಗಳನ್ನು ನೋಡಿಕೊಳ್ಳುವ ಸರ್ಕಾರಿ ಇಲಾಖೆಗೆ ಫೋನು ಮಾಡುತ್ತಿದ್ದೆ. ರಿಪೇರಿಯ ಖರ್ಚನ್ನು ಒಪ್ಪಬೇಕಾದವರು ಅವರು. ಎಷ್ಟೋ ಹೊತ್ತು ಸಂಗೀತ ಕೇಳಿಸಿದ ಮೇಲೆ ಒಬ್ಬ ಹೆಂಗಸು ಎತ್ತುತ್ತಿದ್ದಳು. ಬಹಳ ಮೃದು ದನಿ.

“ನಿಮ್ಮ ಕಷ್ಟ ನಮಗೆ ಅರ್ಥ ಆಗುತ್ತೆ. ಆದ್ರೆ ಅದು ವಾರಂಟಿಲಿರೋ ಗಾಡಿ. ಕಂಪನಿಯೋರು ಆಗಲ್ಲ ಅಂತ ಹೇಳೋವರ್ಗೂ ನಾವು ಒಪ್ಪಿಗೆ ಕೊಡೋಕಾಗಲ್ಲ.”

“ಅವ್ರು ನೀವೊಪ್ಪೋಗಂಟ ಮುಟ್ಟಲ್ಲ ಅಂತಾರಲ್ಲ ತಾಯಿ.”

“ಹಾಗಾದ್ರೆ ಅವ್ರ ಹತ್ರಾನೇ ಮಾತಾಡ್ಬೇಕು ನೀವು. ಅಷ್ಟರವರೆಗೆ ಬಾಟಲಿ ನೀರು ಕಳಿಸ್ತೀವಿ.”

ಬಾಟಲಿ ನೀರು ಬಂತು. ತಲೆಗೊಂದು ಕಟ್ಟು. ಕುಡಿಯಲು ಆಯಿತು. ಆದರೆ ಮನೆ ಎಂದರೆ ಬರೀ ಬಾಯಿಯೇ? ಕಕ್ಕಸಿಗೆ ಹಾಕಲು ಹಿಮ ಕರಗಿಸಿದರು. ಒಂದು ಹಂಡೆ ಹಿಮಕ್ಕೆ ಒಂದು ತಂಬಿಗೆ ನೀರು ಸಿಗುತ್ತದೆ. ಊರಿನ ಪ್ರತಿ ಒಲೆಯ ಮೇಲೂ ಹಿಮದ ಹಂಡೆ, ಪ್ರತಿ ಮನೆಯಲ್ಲೂ ಒದ್ದೆ ನಾಯಿಯ ವಾಸನೆ.

ಫಿಲೊಮೀನ್ ಅಜ್ಜಿಗೆ ಹಿಮದ ನೀರು ಒಗ್ಗಲಿಲ್ಲ. ಎಪ್ಪತ್ತು ದಾಟಿದ ಮುದುಕಿ. ನಾಲಿಗೆ ಎಂದರೆ ಕುಡುಗೋಲು. ಸಣ್ಣವಳಿದ್ದಾಗ ಪಾದ್ರಿಗಳ ಶಾಲೆಗೆ ಹಿಡಿದುಕೊಂಡು ಹೋಗಿ, ನಮ್ಮ ಭಾಷೆ ಆಡಿದ್ದಕ್ಕೆ ಬಾಯಿಗೆ ಸೋಪು ತುಂಬಿಸಿದ್ದರಂತೆ. “ಅವತ್ತು ಬಾಯಿ ತೊಳ್ಕಳಾಕೆ ನೀರು ಕೊಟ್ರಲ್ಲ ಸೂಳೆಮಕ್ಳು, ಅದ್ಕೇ ಈಗ ಕೊಡ್ತಿಲ್ಲ,” ಎಂದು ನಗುವವಳು. ಮೊಮ್ಮಗಳ ಮಗುವಿಗೆ ಮೈಯೆಲ್ಲ ಗುಳ್ಳೆ ಎದ್ದಿತ್ತು. ಸ್ನಾನ ಮಾಡಿಸಬೇಕು ಎಂದು ಯಾರಿಗೂ ಹೇಳದೆ ಕೊಡಲಿ, ಎರಡು ಕ್ಯಾನು, ಎಳೆಯುವ ಹಲಗೆಬಂಡಿ ತಗೊಂಡು ಕೆರೆಗೆ ಹೋದಳು. ಕೆಟ್ಟ ನೀರೋ ಒಳ್ಳೆಯ ನೀರೋ, ಮೈಗೆ ಹುಯ್ಯಲು ತಾನೇ ಎಂದುಕೊಂಡಳೇನೋ. ಹೆಪ್ಪುಗಟ್ಟಿದ ಕೆರೆಯನ್ನು ಒಡೆದು ಕ್ಯಾನು ಎತ್ತುವಾಗ ಕಾಲು ಜಾರಿತು.

ಅವಳನ್ನು ಕಂಡು ಎತ್ತಿಕೊಂಡು ಬಂದದ್ದು ಭಾವ. ಮಣಿಕಟ್ಟು ಮುರಿದು ಕೈ ತೊಟ್ಟಿಲಿನ ಹಾಗೆ ಬಾಗಿತ್ತು. ಲಂಗ ನೆನೆದು, ಹೆಪ್ಪುಗಟ್ಟಿ, ಮರದ ಹಲಗೆಯಂತೆ ಸೆಟೆದಿತ್ತು. ಒಳಗೆ ತಂದು ಕೂರಿಸಲು ಹೋದರೆ ಲಂಗ ಬಾಗಲೇ ಇಲ್ಲ. ಒಲೆಯ ಪಕ್ಕ ನಿಲ್ಲಿಸಿ ಕರಗಿಸಬೇಕಾಯಿತು.

“ಕ್ಯಾನು ಎಲ್ಲೋ ಗಾರ್ನೆಟ್?” ಎಂದು ಹಲ್ಲು ಕಟಕಟ ಎನ್ನುತ್ತ ಕೇಳಿದಳು.

“ಬಿದ್ದೋಯ್ತು ಬಿಡಜ್ಜಿ.”

“ತುಂಬಿತ್ತಲ್ಲೋ, ಬೇವರ್ಸಿ.”

ಭಾವ ಅಲ್ಲಿಂದ ಎದ್ದು ಹೊರಗೆ ಹೋದ. ನಾನು ಹಿಂದೆಯೇ ಹೋದೆ. ಅವನು ಗೋಡೆಗೆ ಒರಗಿ ಸಿಗರೇಟು ಹಚ್ಚಲು ನೋಡುತ್ತಿದ್ದ. ಗಾಳಿಗೆ ಕಡ್ಡಿಗಳೆಲ್ಲ ಆರಿದವು. ಕೊನೆಗೆ ಸಿಗರೇಟನ್ನು ಹಾಗೇ ಬಾಯಲ್ಲಿ ಇಟ್ಟುಕೊಂಡು ನಿಂತ.

ಮಾರನೆಯ ದಿನ ಇಬ್ಬರೂ ಪಟ್ಟಣಕ್ಕೆ ಹೋದೆವು. ಲಾರಿ ಇದ್ದದ್ದು ಶೆಡ್ಡಿನಲ್ಲಿ ಅಲ್ಲ, ಅಂಗಳದ ಕಟ್ಟಕಡೆಯಲ್ಲಿ, ಹಿಮದಲ್ಲಿ ಅರ್ಧ ಹೂತು. ನಾವು ಬಿಟ್ಟುಹೋದ ದಿನ ಎಲ್ಲಿ ನಿಲ್ಲಿಸಿದ್ದೆವೋ ಅಲ್ಲೇ. ಒಬ್ಬನೂ ಮುಟ್ಟಿರಲಿಲ್ಲ.

ಊಟದ ಹೊತ್ತು. ಡಾರ್ಸಿ ಎಲ್ಲೋ ಹೋಗಿದ್ದ. ನೆಸ್ಟರ್ ಶೆಡ್ಡಿನ ಹಿಂಬಾಗಿಲಲ್ಲಿ ನಿಂತು ಡಬ್ಬಿಯಿಂದ ಅನ್ನ ತಿನ್ನುತ್ತಿದ್ದ. ಭಾವ ಅವನ ಮುಂದೆ ಹೋಗಿ ನಿಂತ.

“ಒಂದ್ಸಲ ವೊರಗೆ ನೋಡಪ್ಪ,” ಎಂದ. “ನಿನ್ ಕಾಲಿಡಿತೀನಿ.”

ನೆಸ್ಟರ್ ಡಬ್ಬಿ ಮುಚ್ಚಿದ. ಒಮ್ಮೆ ಆಫೀಸಿನ ಕಿಟಕಿಯ ಕಡೆ ನೋಡಿದ. ಆಮೇಲೆ ಟೋಪಿ ಕಿವಿಯ ಮೇಲೆ ಎಳೆದುಕೊಂಡು ನಮ್ಮ ಜೊತೆ ನಡೆದ. ಭಾವ ಎಂಜಿನ್ ಶುರು ಮಾಡಿದ. ಅದು ಕೆಮ್ಮಿ, ಕ್ಯಾಕರಿಸಿ ಹತ್ತಿತು. ನೆಸ್ಟರ್ ಹಿಮದಲ್ಲಿ ಅಂಗಾತ ಮಲಗಿ ಕೆಳಗೆ ನುಸುಳಿದ. ಎಂಜಿನ್ ಕಾದ ಮೇಲೆ ಕೈಗವಸು ಬಿಚ್ಚಿ, ಬರಿಗೈಯಲ್ಲಿ ಕೊಳವೆಗಳನ್ನು ಒಂದೊಂದಾಗಿ ಸವರಿದ.

“ಇಲ್ಲಿ ಮುಟ್ಟಿ ನೋಡಣ್ಣ.”

ಭಾವ ಮುಟ್ಟಿದ. ನಾನೂ ಬಗ್ಗಿ ಮುಟ್ಟಿದೆ. ಒಂದು ಕೊಳವೆ ಹಸುಳೆಯ ಮೈಯಂತೆ ಬೆಚ್ಚಗಿತ್ತು. ಪಕ್ಕದ್ದು ಹೆಣ.

“ಯೂರಿಯಾ ಬೇಗ ಹೆಪ್ಪುಗಟ್ಟುತ್ತೆ. ಅದಕ್ಕೇ ಕೊಳವೆಯೊಳಗೆ ಬಿಸಿ ತಂತಿ ಇರುತ್ತೆ,” ಎಂದ ನೆಸ್ಟರ್. “ಇದು ಬಿಸಿ ಆಗ್ತಿಲ್ಲ. ಒಳಗೆ ಗಂಜಿ ಥರ ಕಟ್ಟಿಕೊಂಡಿದೆ. ಪಂಪು ಎಷ್ಟು ಎಳೆದ್ರೂ ಬರಲ್ಲ. ಒತ್ತಡ ಎಲ್ಲಿಂದ ಬರ್ಬೇಕು? ಶೆಡ್ಡಿನೊಳಗೆ ಕರಗುತ್ತೆ, ಸರಿಹೋಗುತ್ತೆ.”

“ಅಂಗಾರೆ ಸಿಕ್ತಲ್ಲ ರೋಗ!” ಎಂದೆ.

“ರೋಗ ಇರೋ ಜಾಗ ಸಿಕ್ತು. ಕೊಳವೆ ಸತ್ತಿರಬೋದು, ಅದಕ್ಕೆ ಕರೆಂಟು ಕೊಡೋ ವೈರು ಎಲ್ಲೋ ತುಂಡಾಗಿರಬೋದು, ಕರೆಂಟು ಬಿಡೋ ಪೆಟ್ಟಿಗೇನೇ ಕೆಟ್ಟಿರಬೋದು. ಮೀಟರ್ ಹಿಡ್ಕೊಂಡು ಒಂದೊಂದೇ ನೋಡ್ಬೇಕು. ಇಲ್ಲೇ, ಹೊರಗೇ. ಅಷ್ಟು ಹೊತ್ತು ನನಗೆ ಕೊಡಲ್ಲ ಅಣ್ಣ.”

“ನೆಸ್ಟರ್!”

ಡಾರ್ಸಿ ಕೋಟಿಲ್ಲದೆ ಶೆಡ್ಡಿನ ಬಾಗಿಲಲ್ಲಿ ನಿಂತಿದ್ದ. ಅವನ ಹಿಂದೆ ಬೆಚ್ಚನೆಯ ಗಾಳಿ ಬಿಳಿ ಹಬೆಯಾಗಿ ಹೊರಗೆ ನುಗ್ಗುತ್ತಿತ್ತು. “ಯಾರು ಹೇಳಿದ್ದು ನಿನಗೆ? ಈ ಗಾಡಿ ಸರದಿಗೆ ಬಂದಿದ್ಯಾ?”

ನೆಸ್ಟರ್ ಎದ್ದ. ಬೆನ್ನಿನ ಹಿಮ ಕೂಡ ಕೊಡವಿಕೊಳ್ಳಲಿಲ್ಲ. “ಬಿಸಿಯಾಗೋ ಕೊಳವೆ ಸರ್. ಬಿಸಿ ಆಗ್ತಿಲ್ಲ.”

“ವೈರು ಇಲಿ ಕಡಿದಿರುತ್ತೆ. ಇವರ ಊರಲ್ಲಿ ಇಲಿ, ನಾಯಿ, ಮನುಷ್ಯ ಎಲ್ಲಾ ಒಟ್ಟಿಗೇ ಮಲಗೋದು. ಇಲಿ ಕಡಿದಿದ್ದಕ್ಕೆ ವಾರಂಟಿ ಇಲ್ಲ. ನಡಿ ಒಳಗೆ.”

ನೆಸ್ಟರ್ ನಮ್ಮ ಮುಖ ನೋಡದೆ ಹೋದ. ಅವನು ಮಲಗಿದ್ದ ಜಾಗದಲ್ಲಿ ಒಂದು ಕೈಗವಸು ಬಿದ್ದಿತ್ತು. ಅದನ್ನು ಎತ್ತಿಕೊಳ್ಳಲೂ ಅವನು ತಿರುಗಲಿಲ್ಲ.

“ಇಲಿ ಕಡ್ದೈತೋ ಇಲ್ವೋ ನೋಡ್ಲೇ ಇಲ್ವಲ್ಲ ಸಾರ್,” ಎಂದ ಭಾವ.

“ಇಲಾಖೆಯಿಂದ ಒಪ್ಪಿಗೆ ತಗೊಂಡ್ ಬಾ, ನೋಡ್ತೀನಿ.”

“ಅವ್ರು ನಿಮ್ಮನ್ನ ಕೇಳು ಅಂತಾರೆ.”

“ಅದು ನಿಮ್ಮ ನಿಮ್ಮಲ್ಲಿನ ವಿಷಯ.”

“ಅಂಗಾರೆ ಲಾರಿ ತಗಂಡೋಯ್ತೀನಿ.”

ಡಾರ್ಸಿಗೆ ನಗು ಬಂತು. “ತಗೊಂಡು ಹೋಗು. ಕಟ್ಟಿಹಾಕಿದೀನಾ? ಎಂಟರಲ್ಲಿ ಹೋಗುತ್ತೆ. ನಿನ್ನ ಮೊಮ್ಮಕ್ಕಳ ಮದುವೆ ಹೊತ್ತಿಗೆ ಮನೆ ಸೇರ್ತೀಯ.”

“ಎಂಟೇ ಸಾಕು,” ಎಂದ ಭಾವ.

ನಾನು ಲಾರಿ ಹತ್ತಿದೆ. ಈ ಸ್ಥಿತಿಯಲ್ಲಿ ನೀರು ತುಂಬಿಸುತ್ತಾನೆ ಎಂದು ನಾನು ಅಂದುಕೊಂಡಿರಲಿಲ್ಲ. ಆದರೆ ಅವನು ನೇರ ನೀರಿನ ಮನೆಗೆ ತಿರುಗಿಸಿದ.

“ಭಾವ, ಐದು ಗಂಟೆ ದಾರಿ. ಎಪ್ಪುಗಟ್ತದೆ.”

“ಗಟ್ಲಿ.”

“ಪೋಲೀಸ್ನೋರು ಇಡೀತಾರೆ.”

“ಇಡೀಲಿ. ಬರಿಗೈಲಿ ಓದ್ರೆ ಆ ಮುದ್ಕಿ ಮಕ ಎಂಗ್ ನೋಡ್ಲಿ ನಾನು? ನಿನಗ್ ಬ್ಯಾಡಾದ್ರೆ ಇಳ್ದೋಗು.”

ನಾನು ಇಳಿಯಲಿಲ್ಲ. ಪೈಪು ಎಳೆದು ಸಿಕ್ಕಿಸಿದೆ.

ಹೆದ್ದಾರಿಗೆ ಬಂದದ್ದು ಮಧ್ಯಾಹ್ನ. ಎರಡೂ ಕಡೆ ಆಳೆತ್ತರ ಹಿಮದ ಗೋಡೆ, ನಡುವೆ ಹೋಗಲೊಂದು ಬರಲೊಂದು ಸಾಲು. ಪಕ್ಕಕ್ಕೆ ಸರಿದು ದಾರಿ ಬಿಡಲು ಜಾಗವಿಲ್ಲ. ಭಾವ ಪೆಡಲನ್ನು ಪೂರ್ತಿ ಒತ್ತಿದ್ದ. ಎಂಜಿನ್ ನರಳುತ್ತಿತ್ತು, ಮುಳ್ಳು ಎಂಟರ ಮೇಲೆ ಮೊಳೆ ಹೊಡೆದಂತಿತ್ತು. ಹಿಂದೆ ಒಂದು ಕಾರು ಬಂತು. ಎರಡಾಯಿತು. ಆಮೇಲೆ ಕನ್ನಡಿಯಲ್ಲಿ ದೀಪಗಳ ಸಾಲು ಎಲ್ಲಿ ಮುಗಿಯುತ್ತದೆಂದು ಕಾಣಲಿಲ್ಲ. ಮರದ ದಿಮ್ಮಿ ಹೊತ್ತ ಲಾರಿಗಳು, ಗಣಿಯ ಜೀಪುಗಳು, ಶಾಲೆ ಬಿಟ್ಟ ಮಕ್ಕಳನ್ನು ಕರೆದುಕೊಂಡು ಹೋಗುವವರು. ಹಾರ್ನು ಶುರುವಾಯಿತು. ಒಬ್ಬ ಒತ್ತಿದರೆ ಎಲ್ಲರೂ ಒತ್ತಿದರು. ನಾಯಿಗಳು ಊಳಿಟ್ಟ ಹಾಗೆ.

ಎದುರು ಖಾಲಿಯಾದಾಗ ಒಬ್ಬೊಬ್ಬರೇ ದಾಟಿಕೊಂಡು ಹೋಗುತ್ತಿದ್ದರು. ದಾಟುವಾಗ ಕಿಟಕಿ ಇಳಿಸಿ ಉಗಿಯುತ್ತಿದ್ದರು. ಒಬ್ಬ ಪಿಕಪ್ಪಿನವನು ನಮ್ಮ ಪಕ್ಕಕ್ಕೇ ಬಂದು, ಅಷ್ಟೇ ನಿಧಾನಕ್ಕೆ ಓಡಿಸುತ್ತ ಕೂಗಿದ.

“ಕುಡುಕ ನನ್ಮಗ್ನೇ! ರೋಡ್ ನಿಮ್ಮಪ್ಪಂದೇನೋ?”

ಭಾವ ಕಿಟಕಿ ಇಳಿಸಲಿಲ್ಲ. “ಅಪ್ಪಂದಲ್ಲ, ನಮ್ಮಜ್ಜಂದು,” ಎಂದು ತನಗೆ ತಾನೇ ಹೇಳಿಕೊಂಡ.

ನನಗೆ ನಗು ತಡೆಯಲಾಗಲಿಲ್ಲ. ಅವನೂ ನಕ್ಕ. ಆ ಪಿಕಪ್ಪಿನವನು ಎಸೆದ ಕಾಫಿ ಗಾಜಿನ ಮೇಲೆ ಬಿದ್ದು, ಕೆಳಗೆ ಇಳಿಯುವ ಮೊದಲೇ ಕಂದು ಬಣ್ಣದ ಹರಳಾಯಿತು. ಆಮೇಲೆ ಇಬ್ಬರೂ ನಗಲಿಲ್ಲ.

ಅರ್ಧ ದಾರಿಯಲ್ಲಿ ಪೋಲೀಸ್ ಕಾರು ಬಂತು. ಕಾನ್‌ಸ್ಟೇಬಲ್ ಚಿಕ್ಕ ವಯಸ್ಸಿನವನು, ಮೂಗು ಕೆಂಪಗಾಗಿತ್ತು. ಕೆಟ್ಟವನಂತೆ ಕಾಣಲಿಲ್ಲ. ನಡೆದುಕೊಂಡೇ ನಮ್ಮ ಪಕ್ಕಕ್ಕೆ ಬಂದ. ನಡೆದರೂ ನಮ್ಮನ್ನು ಹಿಡಿಯಬಹುದಿತ್ತು.

“ನಿಲ್ಲಿಸಿ.”

“ನಿಲ್ಸುದ್ರೆ ನೀರು ಗಟ್ಟಿಯಾಯ್ತದೆ ಸಾರ್. ಇಂಗೇ ಮಾತಾಡಿ.”

“ಇಷ್ಟು ನಿಧಾನ ಹೋಗೋ ಗಾಡಿ ಹೆದ್ದಾರಿ ಮೇಲೆ ಬರ್ಬಾರ್ದು. ಜೋರಾಗಿ ಓಡಿಸಿ.”

“ಓಡಲ್ಲ.”

“ಹಾಗಾದ್ರೆ ಬದಿಗೆ ಹಾಕಿ.”

“ಬದಿ ಎಲ್ಲೈತೆ ತೋರ್ಸಿ, ಆಕ್ತೀನಿ.”

ಅವನು ಹಿಮದ ಗೋಡೆ ನೋಡಿದ. ಹಿಂದಿನ ಸಾಲು ನೋಡಿದ. ನಮ್ಮ ಜೊತೆ ಹೆಜ್ಜೆ ಹಾಕುತ್ತಲೇ ಭುಜದ ಮೇಲಿನ ರೇಡಿಯೋದಲ್ಲಿ ಮಾತಾಡಿದ. ಕೊನೆಗೆ ಹೇಳಿದ: “ನಿಮ್ಮ ಊರಿನ ತಿರುವಿನವರೆಗೆ ಹೋಗಿ. ಅಲ್ಲಿಗೆ ಮುಗೀತು. ಈ ಗಾಡಿ ಇನ್ನು ರಸ್ತೆಗೆ ಇಳಿಯೋ ಹಾಗಿಲ್ಲ. ಎಳೆಯೋ ಲಾರಿ ಹಿಂದೆ ಬರುತ್ತೆ, ವಾಪಸ್ ಪಟ್ಟಣಕ್ಕೆ ಒಯ್ಯುತ್ತೆ.”

“ನೀರು?”

“ಅದು ಎಳೆಯೋನಿಗೆ ಬಿಟ್ಟಿದ್ದು.”

ಅಲ್ಲಿಂದ ಮುಂದೆ ನಮ್ಮ ಮುಂದೆ ಪೋಲೀಸ್ ಕಾರಿನ ಕೆಂಪು ನೀಲಿ ದೀಪ, ಹಿಂದೆ ಎಳೆಯುವ ಲಾರಿಯ ಹಳದಿ ದೀಪ, ಅದರ ಹಿಂದೆ ಬೈಗುಳದ ಸಾಲು. ಯಾರೋ ದೊಡ್ಡ ಮನುಷ್ಯ ಸತ್ತು ಮೆರವಣಿಗೆ ಹೊರಟ ಹಾಗಿತ್ತು. ಭಾವ ಬ್ಯಾನಕ್ ರೊಟ್ಟಿ ಮುರಿದು ನನಗೆ ಅರ್ಧ ಕೊಟ್ಟ. ನಾನು ಅದನ್ನು ಜೇಬಿಗೆ ಇಟ್ಟುಕೊಂಡೆ. ಬೆನ್ನ ಹಿಂದೆ ಟ್ಯಾಂಕಿನಲ್ಲಿ ನೀರು ಧಡ್ ಧಡ್ ಎಂದು ಬಡಿಯುತ್ತಿತ್ತು.

ಊರಿನ ತಿರುವು ಮುಟ್ಟಿದಾಗ ಬೆಳಕು ಇಳಿಯುತ್ತಿತ್ತು. ಸುದ್ದಿ ನಮಗಿಂತ ಮೊದಲೇ ಬಂದಿತ್ತು. ಜನ ದಾರಿಗೇ ಬಂದು ನಿಂತಿದ್ದರು. ಬಕೆಟ್ಟು, ಕ್ಯಾನು, ಹಂಡೆ, ಮಗುವಿನ ಸ್ನಾನದ ತೊಟ್ಟಿ, ಯಾರೋ ಒಬ್ಬರು ಮೀನಿನ ಪೆಟ್ಟಿಗೆ ಕೂಡ ತಂದಿದ್ದರು.

ನಾನು ಹಾರಿ ಹಿಂದಕ್ಕೆ ಓಡಿದೆ. ವಾಲ್ವಿನ ಹಿಡಿ ತಿರುಗಲಿಲ್ಲ. ಇನ್ನೊಮ್ಮೆ ಮೈಭಾರ ಹಾಕಿ ಎಳೆದೆ. ಕಬ್ಬಿಣ ಕಬ್ಬಿಣಕ್ಕೆ ಬೆಸೆದುಕೊಂಡಿತ್ತು. ಎಂದಿನ ಓಟದಲ್ಲಿ ಬಂದಿದ್ದರೆ ಹೆಪ್ಪುಗಟ್ಟಲು ಅದಕ್ಕೆ ಪುರುಸೊತ್ತೇ ಇರುತ್ತಿರಲಿಲ್ಲ. ಭಾವ ಗ್ಯಾಸಿನ ಬೆಂಕಿ ಹಿಡಿದ. ಚಳಿಗೆ ಗ್ಯಾಸೇ ಸರಿಯಾಗಿ ಬರಲಿಲ್ಲ. ಮೇಣದ ಬತ್ತಿಯಷ್ಟು ಉರಿದು ಆರಿತು. ಲಾರಿ ತುಂಬ ನೀರಿತ್ತು. ಸುತ್ತ ನಿಂತವರ ಕೈಯಲ್ಲಿ ಖಾಲಿ ಬಕೆಟ್ಟಿತ್ತು.

ಎಳೆಯುವ ಲಾರಿಯವನು ಹಿಂದು ಮುಂದಾಗಿ ತಿರುಗಿಸಿಕೊಂಡು ಬಂದು ನಮ್ಮ ಲಾರಿಯ ಮೂತಿಗೆ ತನ್ನ ಕೊಕ್ಕೆ ತಾಗಿಸಿ ನಿಲ್ಲಿಸಿದ.

“ಖಾಲಿ ಮಾಡಲ್ವಾ?” ಎಂದು ಕೇಳಿದ.

“ಕಟ್ಕಂಡೈತೆ.”

“ಹಾಗಾದ್ರೆ ತುಂಬಿದ್ದನ್ನೇ ಎಳ್ಕೊಂಡು ಹೋಗ್ತೀನಿ. ನನಗೂ ಮನೆ ಇದೆ.”

ಭಾವ ಕೊಡಲಿ ತಗೊಂಡು ಟ್ಯಾಂಕಿನ ಏಣಿ ಹತ್ತಿದ. ಮೇಲಿನ ಮುಚ್ಚಳದ ಸುತ್ತ ಕಟ್ಟಿದ್ದ ಹಿಮಗಡ್ಡೆಯನ್ನು ಹೊಡೆಯತೊಡಗಿದ. ಚೂರುಗಳು ನಮ್ಮ ಮುಖಕ್ಕೆ ಸಿಡಿದವು. ಕೊಡಲಿ ಹಿಂಬದಿಯಿಂದ ಬಡಿದು ಬಡಿದು ಮುಚ್ಚಳ ಎಬ್ಬಿಸಿದ. “ಅಗ್ಗ ಕೊಡ್ರೋ! ಬಕೀಟ್ ಕೊಡ್ರೋ!” ಎಂದು ಕಿರುಚಿದ.

ನಾನು ಹತ್ತಿದೆ. ಹಗ್ಗ ಕಟ್ಟಿದ ಬಕೆಟ್ಟನ್ನು ಬಾವಿಗೆ ಬಿಟ್ಟ ಹಾಗೆ ಒಳಗೆ ಬಿಟ್ಟೆ. ಮೇಲಿನ ತೆಳು ಹಿಮದ ಪದರ ಒಡೆದು ನೀರು ಸಿಕ್ಕಿತು. ಎಳೆದೆ. ಭಾವ ಏಣಿಯ ಮೇಲಿದ್ದವನಿಗೆ ಕೊಟ್ಟ, ಅವನು ಕೆಳಗಿನವಳಿಗೆ ಕೊಟ್ಟ. ಕೈಯಿಂದ ಕೈಗೆ ಹೋಯಿತು. ಕಾಲು ಭಾಗ ದಾರಿಯಲ್ಲೇ ಚೆಲ್ಲಿತು. ಚೆಲ್ಲಿದ್ದು ಏಣಿಯ ಮೇಲೆ, ತೋಳಿನ ಮೇಲೆ, ಬೂಟಿನ ಮೇಲೆ ಬಿದ್ದಲ್ಲೇ ಗಾಜಾಯಿತು.

“ಕೊಕ್ಕೆ ಹಾಕ್ತೀನಿ, ಮೇಲಿರೋರು ಇಳೀರಿ,” ಎಂದು ಎಳೆಯುವವನು ಸರಪಳಿ ಹಿಡಿದು ಬಂದ.

ಆಗ ಫಿಲೊಮೀನ್ ಅಜ್ಜಿ ಬಂದಳು. ಕೈಗೆ ಪಟ್ಟಿ, ಹೆಗಲ ಮೇಲೆ ಎರಡು ಕಂಬಳಿ. ನಮ್ಮ ಲಾರಿಯ ಮುಂದಿನ ಬಂಪರಿನ ಮೇಲೆ, ಅವನ ಕೊಕ್ಕೆ ಸಿಕ್ಕಿಸಬೇಕಾದ ಜಾಗದಲ್ಲೇ, ಕುಂಡಿ ಊರಿ ಕೂತಳು.

“ಆಕೋ, ಆಕು ಕೊಕ್ಕೆನ,” ಎಂದಳು. “ನನ್ನೂ ಸೇರ್ಸಿ ಎಳ್ಕಂಡೋಗು. ನಿಮ್ಮೋರು ಒಂದ್ಸಲ ಎಳ್ಕಂಡೋಗಿದ್ರು, ದಾರಿ ಗೊತ್ತೈತೆ ನಂಗೆ.”

“ಅಜ್ಜಿ, ಏಳಿ.”

“ಏಳಾಕೆ ಕೈ ಇಲ್ಲ ಕಣೋ ಬೋಳಿಮಗ್ನೆ, ಮುರ್ದೈತೆ.”

ಅವನು ಕಾನ್‌ಸ್ಟೇಬಲ್ ಕಡೆ ನೋಡಿದ. ಕಾನ್‌ಸ್ಟೇಬಲ್ ತನ್ನ ರೇಡಿಯೋದ ಕಡೆ ನೋಡಿದ. ಯಾರನ್ನೋ ಕೇಳಿದ. ಆ ಕಡೆಯಿಂದ ಬಂದ ಮಾತು ನನಗೆ ಕೇಳಿಸಲಿಲ್ಲ. ಅವನು ಸರಪಳಿಯವನಿಗೆ, “ಇನ್ನೆರಡು ಕಾರು ಬರ್ತಿದಾವೆ, ಬರ್ಲಿ,” ಎಂದ. ಇಬ್ಬರೂ ತಮ್ಮ ತಮ್ಮ ಗಾಡಿಯೊಳಗೆ ಹೋಗಿ ಬಾಗಿಲು ಹಾಕಿಕೊಂಡರು. ಅವರ ಗಾಜುಗಳು ಒಳಗಿನ ಬಿಸಿಗೆ ಮಂಜಾದವು.

ಬಕೆಟ್ಟು ಬಕೆಟ್ಟಿಗೆ ತಾಗುವ ಸದ್ದು, ಅಜ್ಜಿಯ ಕೆಮ್ಮು, ನಿಲ್ಲಿಸಲು ಧೈರ್ಯವಿಲ್ಲದೆ ಓಡಲು ಬಿಟ್ಟಿದ್ದ ನಮ್ಮ ಎಂಜಿನ್. ಟ್ಯಾಂಕು ಇನ್ನೂ ಮುಕ್ಕಾಲು ತುಂಬಿತ್ತು. ದೂರದಲ್ಲಿ, ಹೆದ್ದಾರಿಯ ಕಡೆ, ಮರಗಳ ಮೇಲೆ ಕೆಂಪು ನೀಲಿ ಬೆಳಕು ಕಾಣಿಸಿಕೊಂಡಿತು.

“ಬೇಗ ಕಣೆ ಐಡಾ,” ಎಂದ ಭಾವ.

ನನ್ನ ಎರಡೂ ತೋಳು ಮೊಣಕೈವರೆಗೆ ನೆನೆದು ಹೆಪ್ಪುಗಟ್ಟಿದ್ದವು. ಮಡಚಲು ಬರುತ್ತಿರಲಿಲ್ಲ. ಕೆಳಗಿನಿಂದ ಖಾಲಿ ಬಕೆಟ್ಟು ಮತ್ತೆ ಮೇಲೆ ಬಂತು. ಹಾಗೇ, ಮಡಚದ ತೋಳಿನಲ್ಲೇ, ಅದನ್ನು ಒಳಗೆ ಬಿಟ್ಟೆ.